ಸೂಪಿನ ಬಟ್ಟಲಲ್ಲಿ ಟ್ರಿಪಲ್

ಮಾರ್ಲೆನ್ ಡೆ ಕೊಸ್ಟರ್‌ಗೆ ಹದಿನೇಳು ವರ್ಷದ ನಾಲಿಗೆಯ ಕೂಲಿ ಬರಬೇಕು. ಇನ್ನೂ ಬಂದಿಲ್ಲ. ಡೆಂಡರ್ ನದಿ ದಂಡೆಯ ನಮ್ಮೂರ ಬಿಯರ್ ಕಾರ್ಖಾನೆಯಲ್ಲಿ ಅವಳು ಬಾಟಲಿ ತೊಳೆಯುವವಳು. ತೊಳೆದದ್ದಕ್ಕೆ ಸಂಬಳ ಕೊಡುತ್ತಾರೆ. ಗುರುವಾರ ಗುರುವಾರ ಟ್ರಿಪಲ್ ಬಿಯರಿನ ರುಚಿ ನೋಡಿ, ಇದು ಹೊರಗೆ ಹೋಗಬಹುದು, ಇದು ಹೋಗಬಾರದು ಅಂತ ಹೇಳುವುದಕ್ಕೆ ಬಿಡಿಗಾಸಿಲ್ಲ. ಕುಡಿಯುವುದಕ್ಕೂ ಕೂಲಿಯಾ ಅಂತ ಮಾಲೀಕರು ನಗುತ್ತಾರೆ. ಕಾರ್ಮಿಕರ ಸಂಘದ ಪರವಾಗಿ ಆ ಬೇಡಿಕೆ ಮುಂದಿಟ್ಟವನು ನಾನು. ಆ ನಗುವನ್ನು ಆರು ಸಲ ಕೇಳಿದ್ದೇನೆ.

ಟ್ರಿಪಲ್ ಮೋಸದ ಬಿಯರು. ನೋಡಲು ಹೊಂಬಣ್ಣ, ಸಾಧು. ಮೂರನೆಯ ಗ್ಲಾಸಿಗೆ ಮೊಣಕಾಲು ಕಳಚುತ್ತದೆ. ಬಾಟಲಿಗೆ ತುಂಬಿದ ಮೇಲೆ ಅದು ಬೆಚ್ಚನೆಯ ಕೋಣೆಯಲ್ಲಿ ಮೂರು ವಾರ ಕೂತು ಇನ್ನೊಮ್ಮೆ ಹುದುಗಬೇಕು. ಆಗಲೇ ನೊರೆ ನಿಲ್ಲುವುದು, ಲವಂಗ ಮೆಣಸಿನ ಚುರುಕು ಹತ್ತುವುದು. ಹಳೇ ಮಾಲೀಕ ಸತ್ತು ಮಗ ಯೋಸ್ಟ್ ಕುರ್ಚಿಗೆ ಬಂದ. ಬಂದವನೇ ಮೂರು ವಾರವನ್ನು ಎಂಟು ದಿನಕ್ಕೆ ಇಳಿಸುತ್ತೇನೆ ಅಂದ. ಕೋಣೆ ಕಾಯಿಸುವ ಗ್ಯಾಸು ದುಬಾರಿಯಂತೆ. ಒಂದಿಷ್ಟು ಬಾಟಲಿ ಹಾಗೆ ತೆಗೆದೂ ಬಿಟ್ಟ.

ಮಾರ್ಲೆನ್ ಒಂದು ಗುಟುಕು ಬಾಯಿಗೆ ಹಾಕಿ ತೊಟ್ಟಿಗೆ ಉಗಿದಳು. "ಹಸಿ ಸೇಬಿನ ವಾಸನೆ. ಸಕ್ಕರೆ ಹುದುಗದೆ ಗಂಟಲಲ್ಲೇ ಕೂತಿದೆ. ಇದನ್ನ ಕಳಿಸಬೇಡ, ಮಗಾ."

ಲ್ಯಾಬಿನವರು ಸರಿಯಿದೆ ಅಂದಿದ್ದಾರೆ ಅಂತ ಯೋಸ್ಟ್ ಕಾಗದ ತೋರಿಸಿದ. ಕಾಗದ ಕುಡಿಯುತ್ತಾರಾ ಅಂತ ಇವಳು ಕೇಳಿದಳು. ಮಾತು ಬೆಳೆದು ಪಂದ್ಯಕ್ಕೆ ಬಂತು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ, ವಾನ್ನೆಸ್‌ನ ಕೆಫೆಯಲ್ಲಿ, ಊರೆದುರು, ಹೆಸರು ಗೊತ್ತಿಲ್ಲದಂತೆ ಐದು ಟ್ರಿಪಲ್. ಮೂರು ಬೇರೆ ಊರಿನವು, ಒಂದು ನಮ್ಮ ಮೂರು ವಾರದ್ದು, ಒಂದು ಎಂಟು ದಿನದ್ದು. ಎಂಟು ದಿನದ್ದನ್ನು ಅವಳು ಹಿಡಿದರೆ ಮೂರು ವಾರ ಉಳಿಯುತ್ತದೆ. ಹಿಡಿಯದಿದ್ದರೆ ಇನ್ನು ಮೇಲೆ ಬಾಟಲಿ ತೊಳೆದುಕೊಂಡು ಬಾಯಿ ಮುಚ್ಚಿಕೊಂಡಿರಬೇಕು.

ನಾಲಿಗೆ ಕೆಡಬಾರದೆಂದು ಆ ದಿನ ಅವಳು ಕಾಫಿ ಮುಟ್ಟಲಿಲ್ಲ. ಸಾಸಿವೆ ಹಚ್ಚಿದ ಚೀಸಿನ ತಟ್ಟೆಯನ್ನು ಆಚೆ ತಳ್ಳಿದಳು. ಒಳಗಿನಿಂದ ವಾನ್ನೆಸ್ ಟ್ರೇ ಹಿಡಿದು ಬಂದ, ಮದುವೆಮನೆ ಯಜಮಾನನ ಗತ್ತಿನಲ್ಲಿ. ಐದು ಬಿಯರು. ನಮ್ಮ ಕಡೆಯ ಪದ್ಧತಿಯಂತೆ ಪ್ರತಿಯೊಂದೂ ಅದರದರದೇ ಗ್ಲಾಸಿನಲ್ಲಿ. ಗ್ಲಾಸಿನ ಮೇಲೆ ಬಂಗಾರದ ಅಕ್ಷರದಲ್ಲಿ ಕಾರ್ಖಾನೆಯ ಹೆಸರು.

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಯೋಸ್ಟ್ ತನ್ನ ಕಾರ್ಖಾನೆಯ ಗ್ಲಾಸಿನ ಅಂಚು ಒಡೆದಿದೆಯೇನೋ ಅಂತ ಬಗ್ಗಿ ನೋಡಿದ, ಅಷ್ಟೆ.

"ವಾನ್ನೆಸ್, ಇದೇನಪ್ಪಾ," ಅಂದಳು ಮಾರ್ಲೆನ್. "ಕಳ್ಳನ್ನ ಹುಡುಕು ಅಂತ ಕರೆಸಿ, ಎಲ್ಲರ ಎದೆ ಮೇಲೂ ಹೆಸರು ಬರೆದು ನಿಲ್ಲಿಸಿದೀಯ."

"ಮತ್ತೆ? ಒಬ್ಬರ ಬಿಯರನ್ನ ಇನ್ನೊಬ್ಬರ ಗ್ಲಾಸಿಗೆ ಸುರೀಲಾ? ನಲವತ್ತು ವರ್ಷದಿಂದ ಅಂಥ ಹಲ್ಕಾ ಕೆಲಸ ಮಾಡಿಲ್ಲ ನಾನು."

ಮುಕ್ಕಾಲು ಗಂಟೆ ಇದೇ ರಗಳೆ. ನೀರಿನ ಗ್ಲಾಸಿಗೆ ವಾನ್ನೆಸ್ ಒಪ್ಪಲಿಲ್ಲ. ಕಾಫಿ ಕಪ್ಪು ಅಂದರೆ ಅವನ ಹೆಂಡತಿ ಒಪ್ಪಲಿಲ್ಲ. ಗೇಟಿನ ಮುಂದೆ ಹನ್ನೊಂದು ವಾರ ಮುಷ್ಕರ ಕೂತಾಗಲೂ ನನ್ನ ತಾಳ್ಮೆ ಇಷ್ಟು ಸವೆದಿರಲಿಲ್ಲ. ಕೊನೆಗೆ ನಾನೇ ಹೋಗಿ ಚರ್ಚಿನ ಸಭಾಂಗಣದಿಂದ ಐದು ಸೂಪಿನ ಬಟ್ಟಲು ತಂದೆ. ಒಳಗೆ ಹೋಗಿ ಹೊಸ ಬಾಟಲಿ ತೆರೆದದ್ದು, ಸುರಿದದ್ದು ಶಾಲೆಯ ಮೇಡಂ. ಯಾವ ಬಟ್ಟಲಲ್ಲಿ ಯಾವುದು ಅನ್ನುವ ಚೀಟಿ ಅವರ ಜೇಬಿನಲ್ಲಿ. ಬಟ್ಟಲಲ್ಲಿ ಬಿಯರು ನೋಡಲಾರದೆ ಇಬ್ಬರು ಮುದುಕರು ಟೋಪಿ ಎತ್ತಿಕೊಂಡು ಹೊರಟರು.

ಮಾರ್ಲೆನ್ ಎರಡು ಕೈಯಲ್ಲಿ ಬಟ್ಟಲೆತ್ತಿ ಮೂಸಿದಳು, ಗುಟುಕರಿಸಿದಳು. ಮೊದಲನೆಯದು ಕಿತ್ತಳೆ ಸಿಪ್ಪೆ, ಬೇರೆ ಊರಿನದು. ಎರಡನೆಯದು ನಮ್ಮ ಮೂರು ವಾರದ್ದು, ಕೊನೆಗೆ ಒಣಗುತ್ತದೆ. ಮೂರನೆಯದು ಬಾಳೆಹಣ್ಣು ಜಾಸ್ತಿ. ನಾಲ್ಕನೆಯದನ್ನು ನುಂಗಲೇ ಇಲ್ಲ, ಯೋಸ್ಟ್‌ನ ಮುಂದೆ ಸರಿಸಿದಳು. ಐದನೆಯದು ಬೇಕಾಗಲಿಲ್ಲ.

"ನಿಂದು."

ಮೇಡಂ ಚೀಟಿ ಬಿಚ್ಚಿ ಓದಿದರು. ನಾಲ್ಕನೆಯದು ಎಂಟು ದಿನದ್ದೇ. ಎರಡನೆಯದೂ ಅವಳು ಹೇಳಿದ್ದೇ.

ಯೋಸ್ಟ್ ಬಟ್ಟಲನ್ನು ಆಚೆ ಸರಿಸಿದ. ಆಮೇಲೆ ಅಂದ: "ನೋಡಿ, ಮಾರ್ಲೆನ್, ಬೇಜಾರು ಮಾಡ್ಕೋಬೇಡಿ. ಅದರ ಗ್ಲಾಸಲ್ಲಿ ಕುಡೀದೇ ಇದ್ರೆ ಅದು ಟ್ರಿಪಲ್ಲೇ ಅಲ್ಲ. ಸೂಪಿನ ಬಟ್ಟಲಿನ ಮಾತು ಲೆಕ್ಕಕ್ಕಿಲ್ಲ."

ಇಡೀ ಕೆಫೆ ಹೌದು ಹೌದು ಅಂತ ತಲೆಯಾಡಿಸಿತು. ಅವಳ ಜೊತೆ ಮುಷ್ಕರ ಕೂತವರೂ ಆಡಿಸಿದರು. ವಾನ್ನೆಸ್ ಎಲ್ಲರಿಗಿಂತ ಮೊದಲು ಆಡಿಸಿದ.

"ಕತ್ತೆಗಳಾ," ಅಂದಳು ಮಾರ್ಲೆನ್, ಕೋಟು ಹಾಕಿಕೊಳ್ಳುತ್ತ.

ಸೋಮವಾರದಿಂದ ಎಂಟು ದಿನವೇ ನಡೆಯುತ್ತಿದೆ. ಗುರುವಾರ ಅವಳು ರುಚಿಗೆ ಹೋಗುತ್ತಿಲ್ಲ, ಯಾರೂ ಕರೆಯುತ್ತಲೂ ಇಲ್ಲ. ಊರಿನವರಿಗೆ ಹೇಳಿ ನನ್ನ ಗಂಟಲು ಹರಿದಿದೆ, ಅದಕ್ಕೆ ನಿಮಗೆ ಹೇಳುತ್ತಿದ್ದೇನೆ. ಕುಡಿಯುವವರು ನೀವಾದರೆ ಬಾಟಲಿ ತಿರುಗಿಸಿ, ತುಂಬಿದ ತಾರೀಕು ಓದಿ, ದಿನ ಎಣಿಸಿ. ಮೂರು ವಾರ ಆಗಿಲ್ಲವೆಂದರೆ ಅಲ್ಲೇ ಗಲ್ಲಾದ ಮೇಲೆ ವಾಪಸ್ ಇಡಿ, ಯಾಕೆ ಅಂತ ಜೋರಾಗಿ ಹೇಳಿ. ಈ ವಾರವೇ. ಇಡುತ್ತೀರೋ ಇಲ್ಲವೋ?