ಸಾಹೇಬರಿಗೆ ತೋರಿಸಲು ಹೂಡಿದ ಒಲೆ

ಬಿಳೂರಿನ ದಾರಿಯಲ್ಲಿದ್ದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಒಂದು ಪಡಸಾಲೆ, ಅಡುಗೆಗೊಂದು ಕತ್ತಲೆ ಮೂಲೆ, ಬಾಗಿಲ ಬಲಕ್ಕೆ ಎತ್ತು ಕಟ್ಟುವ ಜಾಗ. ಅಷ್ಟರಲ್ಲೇ ಅಪ್ಪನ ತಾಯಿ ನಮ್ಮ ಆಯಿ, ಅಪ್ಪ, ಅವ್ವ, ನಾವು ಮಕ್ಕಳು, ಅಪ್ಪನ ತಮ್ಮ ಕಾಕಾ, ಹೊಸದಾಗಿ ಬಂದ ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವ. ಅವರಿಬ್ಬರೂ ಎತ್ತಿನ ಮಗ್ಗುಲಿಗೆ ಹಳೆ ಸೀರೆಯ ಮರೆ ಕಟ್ಟಿಕೊಂಡು ಮಲಗುತ್ತಿದ್ದರು. ಎತ್ತು ಬಾಲ ಬೀಸಿದರೆ ಸೀರೆ ಅಲ್ಲಾಡುತ್ತಿತ್ತು.

ಅರವತ್ತರ ದಶಕದ ಕೊನೆಗೆ ಇರಬೇಕು, ಮನೆ ಕಟ್ಟಲು ಸರಕಾರದ ಸಾಲ, ಕರ್ಜು, ಸಿಗುತ್ತದೆಂದು ಸುದ್ದಿ ಬಂತು. ಹಿತ್ತಲಲ್ಲಿ ಒಂದು ಖೋಲಿ, ಅಂದರೆ ಕೋಣೆ, ಎಬ್ಬಿಸುವಷ್ಟು ಜಾಗವಿತ್ತು. ಕಾಕಾ ಹೋಗಿ ಊರಿನ ಲೆಕ್ಕಪತ್ರ ನೋಡುವ ತಲಾಠಿಯನ್ನು ಕೇಳಿದ.

"ಅಣ್ಣನ ಮನ್ಯಾಗ ಉಣ್ಣಾವ್ಗ ಕರ್ಜ ಸಿಗಂಗಿಲ್ಲಪಾ," ಅಂದನಂತೆ ತಲಾಠಿ. "ಒಲಿ ಬ್ಯಾರಿ ಇದ್ರ ಕುಟುಂಬ ಬ್ಯಾರಿ. ಸಾಹೇಬ್ರು ನೋಡಾಕ ಬರ್ತಾರ. ಯಾವಾಗಂತ ಹೇಳಂಗಿಲ್ಲ."

ಆಯಿ ಒಪ್ಪಲಿಲ್ಲ. "ಒಲಿ ಹೂಡೂದಂದ್ರ ಆಟ ಏನೋ?" ಎಂದು ಸಂಜೆತನಕ ಗೊಣಗಿ, ಕಡೆಗೆ ಒಂದು ಕರಾರು ಹಾಕಿದಳು: "ಖೋಲಿ ಎದ್ದ ದಿನ ಆ ಒಲಿ ನನ್ನ ಕೈಲೆ ಒಡಿತೇನಿ. ಮತ್ತ ಎಲ್ಲಾರೂ ಒಂದ ಒಲಿದ ಉಣ್ಣಬೇಕು."

ಎಲ್ಲರೂ ಹ್ಞೂಂ ಅಂದರು. ಅವ್ವನೇ ಮಣ್ಣು ಕಲಸಿ ಎತ್ತಿನ ಪಕ್ಕಕ್ಕೆ ಚಿಗವ್ವನ ಒಲೆ ಹೂಡಿದಳು.

ಮೊದಮೊದಲು ಅದೊಂದು ಸಂಭ್ರಮ. ಬೆಳಿಗ್ಗೆ ಅವ್ವ ತನ್ನ ಒಲೆಯ ಕೆಂಡವನ್ನು ಒಡಕು ಹಂಚಿನಲ್ಲಿ ಒಯ್ದು ಚಿಗವ್ವನ ಒಲೆಗೆ ಹಾಕುವಳು. ಇಲ್ಲಿ ರೊಟ್ಟಿ, ಅಲ್ಲಿ ಕಡಲೆಹಿಟ್ಟಿನ ಝುಣಕ, ಊಟ ಎಲ್ಲರದೂ ಕೂಡಿಯೇ. ಇದ್ದೊಂದು ಬೆಳಕಿಂಡಿಗೆ ಎರಡು ಒಲೆಯ ಹೊಗೆ ಸಾಲದೆ ಎತ್ತುಗಳೂ ಕೆಮ್ಮುತ್ತಿದ್ದವು.

"ಸಾಹೇಬ್ರು ಬಂದ್ರ ಯಾರ ಒಲಿದು ಉಣ್ಣಸೂಣು ಯಕ್ಕಾ?" ಚಿಗವ್ವ ಕೇಳುವಳು.

"ನಿಂದ ಉಣಸು. ಖಾರಕ್ಕ ಅಂಜಿ ಲಗೂನ ಸಹಿ ಮಾಡ್ತಾನ."

ಸಾಹೇಬರು ಬರಲಿಲ್ಲ. ಬದಲಿಗೆ, ಅವರು ನೆರೆಯವರನ್ನೂ ವಿಚಾರಿಸುತ್ತಾರೆಂಬ ಮಾತು ಬಂತು. ಸರಿ, ಊಟವೂ ಬೇರೆಯಾಯಿತು, ಎಣ್ಣೆ ಗಡಿಗೆಯೂ ಬೇರೆಯಾಯಿತು. ನಾನು ಮಾತ್ರ ಎರಡೂ ಕಡೆ ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ಎದುರು ಮನೆಯಾಕೆ ನಮ್ಮ ಕಟ್ಟೆಗೆ ಬಂದು ಕೂತಳು. "ಏನ ಬೇ ಆಯಿ, ಸೊಸೆಂದ್ರು ಬ್ಯಾರಿ ಆದ್ರಂತ? ಕರ್ಜದ ಸಲವಾಗಿ ಸುಳ್ಳ ಸೋಂಗ ಹಾಕ್ಯಾರ ಅಂತಾರಲಾ ಮಂದಿ."

ಆಯಿಗೆ ದಿಗಿಲಾಗಿರಬೇಕು. ಸುಳ್ಳು ಹೇಳಿ ರೂಢಿಯಿಲ್ಲದ ಜೀವ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಸೋಂಗ ಯಾಕವಾ? ಸಣ್ಣಾಕಿ ಕೈಗೆ ಹಿಡಿತ ಇಲ್ಲ. ಎಣ್ಣಿ ಸುರಿಯಾಕ ನಿಂತ್ರ ಗಡಗಿ ಬರಿದು. ಎಷ್ಟಂತ ನೋಡೂದು, ನಾನ ಬ್ಯಾರಿ ಹಾಕ್ದೆ."

ಸೀರೆಯ ಮರೆಯಲ್ಲಿ ಚಿಗವ್ವ ಹಿಟ್ಟು ನಾದುತ್ತಿದ್ದಳು. ನಾನು ಅವಳ ಎದುರಿಗೇ ಕೂತಿದ್ದೆ. ಕೈ ನಿಂತಿತು. ಆಮೇಲೆ ಮತ್ತೆ ನಾದತೊಡಗಿದಳು.

ನೆರೆಯಾಕೆ ಹೋದ ಮೇಲೆ ಆಯಿ ಒಳಗೆ ಬಂದು, "ಮಂದಿಗೆ ಹೇಳೂ ಮಾತವಾ ಅದು, ಮನಸಿಗೆ ಹಚ್ಚಗೋಬ್ಯಾಡ," ಅಂದಳು.

"ಇಲ್ರಿ ಅತ್ತಿ," ಅಂದಳು ಚಿಗವ್ವ.

ಮರುದಿನ ಅವ್ವ ಕೆಂಡ ಒಯ್ಯುವಷ್ಟರಲ್ಲಿ ಚಿಗವ್ವನ ಒಲೆ ಉರಿಯುತ್ತಿತ್ತು. ಪಕ್ಕದಲ್ಲಿ ಹೊಸ ಕಡ್ಡಿಪೆಟ್ಟಿಗೆ. ಅವ್ವ ಹಂಚು ಹಿಡಿದು ವಾಪಸು ಬಂದು ಕೆಂಡವನ್ನು ತನ್ನ ಒಲೆಗೇ ಹಾಕಿದಳು. ಅಂದಿನಿಂದ ಚಿಗವ್ವನ ಝುಣಕದಲ್ಲಿ ಎಣ್ಣೆ ಕಾಣಲಿಲ್ಲ. ಒಣಒಣ, ಗಂಟಲಿಗೆ ಹತ್ತುತ್ತಿತ್ತು. ಆದರೂ ಉಣ್ಣುತ್ತಿದ್ದೆ.

ಸಾಹೇಬರು ಸುಗ್ಗಿ ಮುಗಿದ ಮೇಲೆ ಬಂದರು. ಬಾಗಿಲಲ್ಲೇ ಬಗ್ಗಿ ಎರಡು ಒಲೆ ನೋಡಿ, ಚಹಾ ಕೂಡ ಕುಡಿಯದೆ ಹೋದರು. ನೆರೆಯವರನ್ನು ಯಾರೂ ಕೇಳಲೇ ಇಲ್ಲ.

ಕರ್ಜು ಸಿಕ್ಕಿತು. ಕಲ್ಲಿನ ಗೋಡೆ, ಮೇಲೆ ತಗಡು, ಒಂದು ಕಿಟಕಿ. ಹಿತ್ತಲಲ್ಲಿ ಖೋಲಿ ಎದ್ದಿತು. ಕಾಕಾ, ಚಿಗವ್ವ ಅದರೊಳಗೆ ಹೋದ ದಿನ ಆಯಿ ಕೊಟ್ಟ ಮಾತಿನಂತೆ ಎತ್ತಿನ ಪಕ್ಕದ ಒಲೆಯನ್ನು ಗುದ್ದಲಿಯಿಂದ ಒಡೆದು, ಮಣ್ಣನ್ನು ತಿಪ್ಪೆಗೆ ಹಾಕಿ, ಕೈ ತೊಳೆದುಕೊಂಡು ಹಿತ್ತಲಿಗೆ ಹೋದಳು, ಉಣ್ಣಲು ಕರೆಯಲೆಂದು. ಖೋಲಿಯ ಮೂಲೆಯಲ್ಲಿ ಚಿಗವ್ವ ತಾನೇ ಹೂಡಿದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅತ್ತಿ, ಕುಂದ್ರಿ," ಅಂದಳು.

ಆಯಿ ಕೂತು, ಅರ್ಧ ರೊಟ್ಟಿ ತಿಂದು ಬಂದಳು.

ಜಗಳ ಅಂತ ಎಂದೂ ಆಗಲಿಲ್ಲ. ಹಬ್ಬಕ್ಕೆ ಹೋಳಿಗೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಹೋಗುತ್ತಿತ್ತು, ಬೀಗರ ಮನೆಗೆ ಹೋದ ಹಾಗೆ. ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಂದಾಗ ನಮ್ಮ ಮಾಳಿಗೆ ಸೋರುತ್ತಿತ್ತು, ಕೊಡ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದೆವು. ಹಿತ್ತಲ ತಗಡಿನ ಮೇಲೆ ಮಳೆಯ ಸಪ್ಪಳ. ಆಯಿ ಪ್ರತಿ ಸಲ ಕೇಳುವಳು:

"ಅಲ್ಲಿ ಸೋರಂಗಿಲ್ಲಲಾ?"

"ಇಲ್ರಿ ಅತ್ತಿ," ಅನ್ನುವಳು ಅವ್ವ, ಬೋಗುಣಿಯ ನೀರು ಚೆಲ್ಲಿ ಮತ್ತೆ ಇಡುತ್ತ. "ಅಲ್ಲಿ ಸೋರಂಗಿಲ್ಲ."