ಬೋಣಿಗೆ ಮೊದಲು ತೆಗೆದ ಗೆರೆ

ನಮ್ಮ ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆ ಮೊದಲ ಗಿರಾಕಿಯ ದುಡ್ಡು ಗಲ್ಲಾಕ್ಕೆ ಬೀಳುವ ತನಕ ಒಂದು ರೂಪಾಯಿಯೂ ಹೊರಗೆ ಹೋಗಬಾರದು. ಅಜ್ಜನ ಕಾಲದ ಕಟ್ಟಳೆ. ಟೀ ತಂದವನಿಗೂ ಬೋಣಿ ಆದ ಮೇಲೆಯೇ ದುಡ್ಡು. ಒಯ್ದ ಬಟ್ಟೆ ಬದಲಾಯಿಸಲು ಬಂದವರು ಬೋಣಿ ಆಗುವವರೆಗೆ ಬೆಂಚಿನ ಮೇಲೆ ಕೂರಬೇಕು. ರಾಯದುರ್ಗದ ಬಜಾರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಮಾತ್ರ ಡಿಗ್ರಿ ಓದಿದವನು, ಇದನ್ನೆಲ್ಲ ಅಪ್ಪನ ಸಮಾಧಾನಕ್ಕೆ ಪಾಲಿಸುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಮೊಬೈಲಿನಲ್ಲಿ ಕ್ರಿಪ್ಟೊ ಕೊಂಡು ಮಾರುವುದನ್ನು ಶುರು ಮಾಡಿದವನು ನಾನು, ಕಲಿತವಳು ನನ್ನ ಹೆಂಡತಿ. ಅವಳ ತವರು ಮಡಕಶಿರಾ ಕಡೆ. ಇಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಶೆಡ್ಡಿಗೆ ಹೋಗುತ್ತಾಳೆ. ಸ್ವಂತದ್ದೊಂದು ಮೆಷಿನ್ ಮನೆಗೆ ತರಬೇಕು, ಇನ್ನೊಬ್ಬರ ಶೆಡ್ಡಿನಲ್ಲಿ ಮಾತು ಕೇಳಿಸಿಕೊಳ್ಳುವುದು ಸಾಕು ಎಂದು ಕೂಡಿಟ್ಟ ದುಡ್ಡನ್ನು ನನಗೆ ಕೊಟ್ಟಿದ್ದಳು. ಕೊಡುವಾಗ ಒಂದು ಷರತ್ತು ಹಾಕಿದ್ದಳು.

ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಇಬ್ಬರೂ ಮೊಬೈಲ್ ನೋಡುತ್ತಿದ್ದೆವು. ಬೆಲೆ ಎಲ್ಲಿಯವರೆಗೆ ಇಳಿದು ಮತ್ತೆ ಮತ್ತೆ ಮೇಲೆದ್ದಿದೆ ಎಂದು ಹುಡುಕುವುದು ಅವಳ ಕೆಲಸ. ಅಲ್ಲಿ ಕೊಳ್ಳುವುದು, ಅದರ ಸ್ವಲ್ಪ ಕೆಳಗೆ ಸ್ಟಾಪ್ ಲಾಸ್ ಹಾಕುವುದು. ಬೆಲೆ ಅಲ್ಲಿಗೆ ಬಂದರೆ ಆ್ಯಪ್ ತಾನಾಗಿಯೇ ಮಾರಿಬಿಡುತ್ತದೆ. ಅವಳು ಅದನ್ನು ಗೆರೆ ಎನ್ನುತ್ತಿದ್ದಳು.

"ಹೋದ್ರೆ ನನ್ನ ಒಂದ್ ವಾರದ ಹೊಲಿಗೆ ಕೂಲಿ ಹೋಗ್ಲಿ. ಅದ್ರ ಮ್ಯಾಲೆ ಬ್ಯಾಡ. ಗೆರೆ ಮಾತ್ರ ನೀವು ಮುಟ್ಟಬಾರ್ದು."

"ಮುಟ್ಟಂಗಿಲ್ಲ ಬಿಡು," ಎಂದಿದ್ದೆ.

ನಾಲ್ಕು ತಿಂಗಳು ಮುಟ್ಟಲಿಲ್ಲ. ಮೂರು ಸಲ ಬೆಲೆ ಗೆರೆಗೆ ಬಂದು ನಷ್ಟವಾದಾಗಲೂ ಅವಳು ಒಂದು ಮಾತು ಆಡಲಿಲ್ಲ. ಆ ಮೂರೂ ನಷ್ಟ ಮಧ್ಯಾಹ್ನದ ಮೇಲೆ, ಬೋಣಿ ಮುಗಿದ ನಂತರ ಆದವು ಎಂಬುದನ್ನು ನಾನಾಗ ಗಮನಿಸಿರಲಿಲ್ಲ.

ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಅವಳು ಹೇಳಿದ ಬೆಲೆಗೆ ಕೊಂಡು, ಗೆರೆ ಹಾಕಿ, ಅಂಗಡಿ ತೆರೆದೆ. ಒಬ್ಬ ಗಿರಾಕಿಯೂ ಇಲ್ಲ. ಬೆಲೆ ಇಳಿಯತೊಡಗಿತು. ಮೊಬೈಲನ್ನು ಮೇಜಿನ ಕೆಳಗೆ ಇಟ್ಟೆ, ತೆಗೆದೆ, ಬಟ್ಟೆಯ ಥಾನಿನ ಹಿಂದೆ ಇಟ್ಟೆ, ಮತ್ತೆ ತೆಗೆದೆ. ಹತ್ತರ ಹೊತ್ತಿಗೆ ಬೊಮ್ಮನಹಾಳ್ ಕಡೆಯ ಹೆಂಗಸೊಬ್ಬಳು ಗಂಡನಿಗೆ ಒಯ್ದಿದ್ದ ಅಂಗಿಯನ್ನು ಹಿಡಿದುಕೊಂಡು ಬಂದಳು.

"ಇದು ಬಿಗಿ ಆಗೇತ್ರಿ, ದೊಡ್ಡದು ಕೊಡ್ರಿ."

"ಬೋಣಿ ಆಗಿಲ್ಲಮ್ಮ, ಸ್ವಲ್ಪ ಕುಂದರ್ರಿ."

ಅವಳು ವಾದ ಮಾಡದೆ ಕುಳಿತಳು. ನಾನು ಒಳಗೆ ಹೊರಗೆ ತಿರುಗಿದೆ. ಮಡಚಿದ ಸೀರೆಗಳನ್ನೇ ಬಿಚ್ಚಿ ಮಡಚಿದೆ. ಬೆಲೆ ಗೆರೆಯ ಹತ್ತಿರ ಹತ್ತಿರ ಬಂತು.

"ಯಾಕ್ರಿ, ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಅವಳು ಕೇಳಿದಳು. ಅವಳ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಗೆರೆಗೆ ಬಂದರೆ ಹೋಗುವುದು ಒಂದು ವಾರದ ಹೊಲಿಗೆ. ಅದನ್ನು ನಾವು ಬೆಳಿಗ್ಗೆಯೇ ಒಪ್ಪಿಕೊಂಡಾಗಿತ್ತು. ಆದರೆ ಅಂಗಡಿಯ ಗಾದಿಯ ಮೇಲೆ ಕುಳಿತವನಿಗೆ ಕಂಡದ್ದು ಬೇರೆ. ಬೋಣಿಗೆ ಮೊದಲೇ ಮನೆಯ ದುಡ್ಡು ಹೊರಗೆ ಹೋಗುತ್ತಿದೆ, ಇವತ್ತಿನ ದಿನವೇ ಕೆಟ್ಟಿತು. ಯಾರಾದರೂ ಬಂದು ಒಂದು ಕರ್ಚೀಫು ಕೊಂಡಿದ್ದರೂ ಸಾಕಿತ್ತು, ಮಾರಿಹೋಗಲಿ ಎಂದು ಬಿಟ್ಟುಬಿಡುತ್ತಿದ್ದೆ. ಯಾರೂ ಬರಲಿಲ್ಲ. ಬೋಣಿ ಆಗುವವರೆಗೆ ಮಾತ್ರ ಎಂದುಕೊಂಡು ಗೆರೆಯನ್ನು ತೆಗೆದುಹಾಕಿದೆ. ಡಿಗ್ರಿ ಓದಿದವನ ಬುದ್ಧಿ ಇದು.

ಅದಾದ ಅರ್ಧ ಗಂಟೆಗೆ ಒಬ್ಬ ಮುದುಕ ಬಂದು ಎರಡು ಟವೆಲ್ ಕೊಂಡ. ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿ, ಹೆಂಗಸಿಗೆ ದೊಡ್ಡ ಅಂಗಿ ಕೊಟ್ಟು ಕಳಿಸಿ, ಮೊಬೈಲ್ ನೋಡಿದೆ. ಹೋಗಿದ್ದು ಈಗ ಒಂದು ವಾರದ ಹೊಲಿಗೆಯಲ್ಲ, ನಾಲ್ಕು ವಾರದ್ದು. ಈಗ ಮಾರಲು ಅಡ್ಡಿ ಏನೂ ಇರಲಿಲ್ಲ. ಧೈರ್ಯ ಇರಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಅವಳು ಶೆಡ್ಡಿನಲ್ಲಿ ತಲೆ ಬಗ್ಗಿಸಿ ಕುಳಿತಿರುವುದು ಕಣ್ಣ ಮುಂದೆ ಬಂದಾಗಲೆಲ್ಲ ಎದ್ದು ಬೀದಿಗೆ ಹೋಗಿ ನಿಲ್ಲುತ್ತಿದ್ದೆ. ಒಬ್ಬರು ಬಿಳಿ ಪಂಚೆ ಕೇಳಿದರೆ ಲುಂಗಿ ಕೊಟ್ಟೆ. ಮೂರು ಗಂಟೆಗೆ ಬೆಲೆ ಮೇಲೇಳತೊಡಗಿತು. ನಾಲ್ಕೂವರೆಗೆ ನಾವು ಕೊಂಡ ಬೆಲೆಯನ್ನೂ ದಾಟಿತು. ತಕ್ಷಣ ಮಾರಿದೆ. ಲಾಭವೇ ಬಂದಿತ್ತು. ನನ್ನಂಥ ಜಾಣ ಬಜಾರಿನಲ್ಲಿಯೇ ಇಲ್ಲ ಎನಿಸಿ, ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಸಂಜೆ ಮನೆಗೆ ಹೋದೆ.

ಲಾಭ ಎಷ್ಟು ಎಂದು ಹೇಳಿದೆ. ಅವಳ ಮುಖ ಅರಳಿತು. ಎಂದಿನಂತೆ ಮೊಬೈಲ್ ತೆಗೆದುಕೊಂಡು ಆ ದಿನದ ವ್ಯವಹಾರವನ್ನು ಬೆರಳಿನಿಂದ ಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

"ಹತ್ತೂ ಇಪ್ಪತ್ತಕ್ಕೆ ಗೆರೆ ತೆಗ್ದಿದ್ದೀರ."

"ಬೋಣಿ ಆಗಿದ್ದಿಲ್ಲ," ಎಂದೆ. ಹೇಳುವಾಗ ನನ್ನ ಕಿವಿಗೇ ನಾಚಿಕೆಯಾಯಿತು. "ಲಾಭ ಬಂತಲ್ಲ, ಈಗೇನು?"

"ಬಂದೈತೆ. ಗೆರೆ ತೆಗ್ದ ಮ್ಯಾಲೆ ಅದೆಷ್ಟು ಇಳೀತು?"

ನಾನು ಮಿರ್ಚಿಯ ಪೊಟ್ಟಣವನ್ನು ಅವಳ ಕಡೆ ಸರಿಸಿದೆ. ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಮಿರ್ಚಿಯನ್ನು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟಳು. ತಾನು ತಿನ್ನಲಿಲ್ಲ. ಆಮೇಲೆ, "ನನ್ನ ದುಡ್ಡು ನಂಗೆ ಕೊಟ್ಬಿಡಿ. ಇವತ್ತಿನ ಲಾಭ ನೀವೇ ಇಟ್ಕಳಿ," ಎಂದಳು. ನಾನು ಎಷ್ಟು ಗೋಗರೆದರೂ ತನ್ನ ದುಡ್ಡನ್ನಷ್ಟೇ ತೆಗೆದುಕೊಂಡಳು, ಲಾಭದಲ್ಲಿ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ನಷ್ಟ ಮಾಡಿಕೊಂಡು ಬಂದಿದ್ದರೆ ಚೆನ್ನಾಗಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನಿಸಿತು.

ಮರುದಿನ ಬೆಳಿಗ್ಗೆ, ಉಳಿದ ಲಾಭದ ದುಡ್ಡಿನಲ್ಲಿ ಕೊಳ್ಳಲೆಂದು, ಏನೂ ಆಗಿಲ್ಲವೆಂಬಂತೆ ಮೊಬೈಲನ್ನು ಅವಳ ಮುಂದೆ ಹಿಡಿದೆ. "ಗೆರಿ ಎಲ್ಲಿ ಹಾಕ್ಲಿ?" ಎಂದು ಕೇಳಿದೆ.

ಅವಳು ಶೆಡ್ಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಮೊಬೈಲಿನ ಕಡೆ ನೋಡಲಿಲ್ಲ.

"ತೆಗಿಯೋರಿಗೆ ಎಲ್ಲಿ ಹಾಕಿದ್ರೆ ಏನು," ಎಂದಳು. "ನಿಮಗೆ ಬೇಕಾದಲ್ಲಿ ಹಾಕ್ಕಳಿ."