ಸಿರಿ ಗೋಡೆ ಬಿಟ್ಟ ಶನಿವಾರ

ನನ್ನ ಆರು ವರ್ಷದ ಮೊಮ್ಮಗಳು ಸಿರಿಯ ಕೈಯಿಂದ ಜಾರಿದ ಹಾಕಿ ಸ್ಟಿಕ್ ಅವಳ ಕಾಲ ಬಳಿಯೇ ಬಿತ್ತು. ಪರ್ತ್‌ನ ಐಸ್ ರಿಂಕ್‌ನ ಮಂಜುಗಡ್ಡೆಯ ಮೇಲೆ ಅದು ಅವಳ ಮೂರನೇ ವಾರದ ಸ್ಕೇಟಿಂಗ್ ಪಾಠ. ಉಳಿದ ಮಕ್ಕಳು ಬಿದ್ದೆದ್ದು ಜಾರುತ್ತಿದ್ದರೆ, ಇವಳು ಮಾತ್ರ ಅಂಚಿನ ಗೋಡೆಯನ್ನು ಹಿಡಿದೇ ನಿಂತಿದ್ದಳು. ಅಂದೂ ಬಿಡದಿದ್ದರೆ ಹಾಕಿ ಗುಂಪಿಗೆ ಸೇರಿಸಿಕೊಳ್ಳಲಾಗದು ಎಂದು ಕೋಚ್ ಹೇಳಿದ್ದರು.

“ಕೈ ಬಿಡೇ ಪುಟ್ಟಿ, ಏನೂ ಆಗಲ್ಲ!” ಎಂದು ನಾನು ಹೊರಗಿನಿಂದ ಕೂಗುತ್ತಲೇ ಇದ್ದೆ.

“ನೋ ವೇ ತಾತ! ಯೂ ಕಮ್ ಅಂಡ್ ಡೂ ಇಟ್!” ಎಂದು ಅವಳು ರೇಗಿದಳು.

ಅಷ್ಟರಲ್ಲಿ ಸ್ಕೇಟ್ ತೊಟ್ಟ ಅವಳ ಕಾಲು ಬಿದ್ದಿದ್ದ ಸ್ಟಿಕ್‌ಗೆ ತಾಗಿತು. ಸಿರಿ ತಕ್ಷಣ ಗೋಡೆ ಬಿಟ್ಟು, ಮಂಡಿ ಮಡಿಸಿ ಬಗ್ಗಿ, ಎರಡೂ ಕೈಯಿಂದ ಸ್ಟಿಕ್ ಎತ್ತಿಕೊಂಡಳು. ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮಾಡುವಂತೆ ಅದನ್ನು ಕಣ್ಣಿಗೊತ್ತಿಕೊಳ್ಳಲು ಹೋಗಿ, ಹೆಲ್ಮೆಟ್‌ನ ಜಾಲರಿಗೆ ಟಣ್ಣೆಂದು ಬಡಿಸಿಕೊಂಡಳು. ಆ ಭರದಲ್ಲೇ ಮುಂದಕ್ಕೆ ಜಾರಿದ್ದಳು; ಎದ್ದು ನೋಡಿದರೆ ಗೋಡೆ ಎರಡು ಮಾರು ದೂರದಲ್ಲಿತ್ತು.

“ತಾತ, ಲುಕ್! ನೋ ಹ್ಯಾಂಡ್ಸ್!”

ಕೋಚ್ ನಕ್ಕು ಚಪ್ಪಾಳೆ ತಟ್ಟಿ, ಅವಳನ್ನು ಹಾಕಿ ಸಾಲಿಗೆ ಕರೆದರು.

ಮೂರು ವಾರ ನಾನು ಕೊಟ್ಟ ಆಜ್ಞೆಗಳಿಂದ ಆಗದ್ದು, ಯಾರೂ ಹೇಳದೆ ಅವಳೇ ಮಾಡಿದ ಒಂದು ನಮಸ್ಕಾರದಿಂದ ಆಯಿತು. ಈಗ ಶನಿವಾರಗಳಂದು ನಾನು ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ.